ಕಾಫಿಗೆ ಕೂರಿಸುವ ಮನೆಯಿಂದ ಎದ್ದು ಬರುವ ವಿಧಾನ

ಕೊಡಗಿನ ಪೊನ್ನಂಪೇಟೆ ಸುತ್ತಿನ ತೋಟದ ಮನೆಗಳಿಗೆ ಹದಿನಾರು ವರ್ಷ ಕೇಬಲ್ ಎಳೆದವನು ನಾನು. ಹೀಗಾಗಿ 1996ರ ‘ದಿ ಕೇಬಲ್ ಗೈ’ ನೋಡುವಾಗ ಬೇರೆಯವರು ನಗುವ ಕಡೆಯಲ್ಲೆಲ್ಲ ನನಗೆ ಬೆವರು ಬಂತು. ಬೆನ್ ಸ್ಟಿಲ್ಲರ್ ನಿರ್ದೇಶಿಸಿದ ಆ ಚಿತ್ರದಲ್ಲಿ ಕೇಬಲ್ ಹಾಕಲು ಬಂದ ಜಿಮ್ ಕ್ಯಾರಿ, ಗೆಳೆತನ ಬೇಕೆಂದು ಗಿರಾಕಿಯ ಬದುಕನ್ನೇ ಹಿಂಡಿಬಿಡುತ್ತಾನೆ. ನನ್ನ ಪಾಲಿಗೆ ಪಾತ್ರಗಳು ಅದಲುಬದಲಾಗಿದ್ದವು. ಅಂಟಿಕೊಂಡವರು ಗಿರಾಕಿ, ಬಿಡಿಸಿಕೊಳ್ಳಲಾಗದೆ ಒದ್ದಾಡಿದವನು ಕೇಬಲ್‌ನವನು. ಮನೆಮನೆ ತಿರುಗಿ ದುಡಿಯುವ ಹುಡುಗರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು, ಏನನ್ನೂ ಬಿಟ್ಟಿ ಕೊಡಬೇಡಿ. ಚಿತ್ರದಲ್ಲಿ ಗಿರಾಕಿಯಾದ ಮ್ಯಾಥ್ಯೂ ಬ್ರಾಡರಿಕ್ 50 ಡಾಲರಿನ ಆಸೆ ತೋರಿಸಿ ಪುಕ್ಕಟೆ ಸಿನಿಮಾ ಚಾನೆಲ್ ಕೇಳುತ್ತಾನೆ. ಅಲ್ಲಿಗೆ ಅವನ ಕಥೆ ಮುಗಿಯಿತು. ನಾನು, ಹೆಂಡತಿ ತೀರಿಕೊಂಡ ಒಬ್ಬ ಹಿರಿಯ ಬೆಳೆಗಾರರ ಮಲಗುವ ಕೋಣೆಯ ಟಿವಿಗೂ, ಒಂದೇ ಕೇಬಲನ್ನು ಎರಡಾಗಿ ಹಂಚುವ ಸ್ಪ್ಲಿಟರ್ ಹಾಕಿ, ದುಡ್ಡು ಬೇಡ ಸರ್ ಎಂದೆ. ಅವರು ಒಂದು ಬುಟ್ಟಿ ಕಿತ್ತಳೆ ಕೊಟ್ಟರು. ಮಾರನೆಯ ದಿನದಿಂದ ನಾನು ಆ ಮನೆಯವನಾದೆ.

ಎರಡನೆಯದಾಗಿ, ತಂತಿಯನ್ನು ಓದಲು ಕಲಿಯಿರಿ. ಇಲಿ ಕಡಿದರೆ ಹಲ್ಲಿನ ಗುರುತು ಇರುತ್ತದೆ. ಮಂಗ ಜೋತುಬಿದ್ದರೆ ಸಿಲ್ವರ್ ಓಕ್ ಮರದ ಬಳಿ ತಂತಿ ಜೋಲುತ್ತದೆ. ಏಪ್ರಿಲ್‌ನ ಸಿಡಿಲಿಗೆ ಆಂಪ್ಲಿಫೈಯರ್ ಸುಟ್ಟರೆ ಸಾಲಿನ ಅಷ್ಟೂ ಮನೆಗಳ ಟಿವಿ ನಿಲ್ಲುತ್ತದೆ. ಒಂದೇ ಮನೆಯಲ್ಲಿ, ಟಿವಿಯ ಹಿಂದಿನ ಪಿನ್ ಮಾತ್ರ, ವಾರಕ್ಕೆ ಮೂರು ಸಲ ಅಚ್ಚುಕಟ್ಟಾಗಿ ಕಳಚಿಕೊಳ್ಳುತ್ತಿದ್ದರೆ ಅದು ಮನುಷ್ಯರ ಕೆಲಸ. ನನಗೆ ಇದು ಹೊಳೆಯಲು ಐದು ವಾರ ಬೇಕಾಯಿತು. ಆ ಸಂಜೆ ಅವರೇ ಟಾರ್ಚ್ ಹಿಡಿದು ನಿಂತು, “ಪುನಃ ಹೋಯಿತಲ್ಲ, ಛೇ” ಎಂದರು. ಊಟದ ಮೇಜಿನ ಮೇಲೆ ಎರಡು ತಟ್ಟೆಯಲ್ಲಿ ಕಡಂಬುಟ್ಟು ಹಬೆಯಾಡುತ್ತಿತ್ತು.

ನೆಪ ಆರಿಸುವಾಗ ಎಚ್ಚರ. ಮಳೆಯ ನೆಪ ಕೊಡಗಿನಲ್ಲಿ ತಿರುಗಿ ನಿಮಗೇ ಬಡಿಯುತ್ತದೆ. ಜೂನ್ ತಿಂಗಳಲ್ಲಿ “ಮಳೆ ಬಿಟ್ಟ ಮೇಲೆ ಹೋಗು” ಎಂದರೆ ಅಕ್ಟೋಬರ್ ಎಂದರ್ಥ. ಜ್ವರ ಎಂದರೆ ಕರಿಮೆಣಸಿನ ಕಷಾಯ ಬರುತ್ತದೆ. ಹೆಂಡತಿ ಕಾಯುತ್ತಿದ್ದಾಳೆ ಎಂದೆ, ಅವಳನ್ನೂ ಕರೆದುಕೊಂಡು ಬಾ ಎಂದರು. ಕೊನೆಗೆ ಫಲಿಸಿದ್ದು ಒಂದೇ: “ಪಕ್ಕದ ತೋಟದಲ್ಲಿ ಮರಕ್ಕೆ ಏಣಿ ಒರಗಿಸಿಟ್ಟು ಬಂದಿದ್ದೇನೆ ಸರ್.” ಒರಗಿಸಿಟ್ಟ ಏಣಿಯ ಎದುರು ಯಾವ ಬೆಳೆಗಾರನೂ ವಾದ ಮಾಡುವುದಿಲ್ಲ. ಜಗಲಿಯಲ್ಲೇ ನಿಂತು ಕಾಫಿ ಕುಡಿಯಿರಿ, ಜೀಪಿನ ಇಂಜಿನ್ ಆರಿಸಬೇಡಿ.

ಮುಖಕ್ಕೆ ಹೊಡೆದಂತೆ ಮಾತ್ರ ಹೇಳಬೇಡಿ. ನಿನ್ನ ಸ್ನೇಹ ಬೇಡ ಎಂದದ್ದಕ್ಕೆ ಚಿತ್ರದ ನಾಯಕ ಜೈಲು ಕಾಣುತ್ತಾನೆ. ನಮ್ಮ ಬೆಳೆಗಾರರ ಗೋಡೆಯ ಮೇಲೆ ಕೋವಿ ಇತ್ತು. ಅದನ್ನು ಅವರು ನನ್ನ ಕಡೆಗೆ ಎಂದೂ ತಿರುಗಿಸಲಿಲ್ಲ, ಸುಳ್ಳು ಹೇಳಬಾರದು. ಕೊಡವರ ಆಯುಧ ಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ಮುನ್ನಾದಿನ ಎಣ್ಣೆ ಹಚ್ಚಿ ಒರೆಸುತ್ತಾ, “ನಾಳೆ ಬರುತ್ತೀಯಲ್ಲ?” ಎಂದು ಕೇಳಿದರು, ಅಷ್ಟೆ. ಹೋದೆ. ಪಂದಿ ಕರಿ ಚೆನ್ನಾಗಿತ್ತು.

ಚಿತ್ರದ ಕೊನೆಯಲ್ಲಿ ಜಿಮ್ ಕ್ಯಾರಿ ದೊಡ್ಡ ಡಿಶ್ ಮೇಲೆ ಬಿದ್ದು ಊರಿನ ಟಿವಿಗಳೆಲ್ಲ ಕುರುಡಾಗುತ್ತವೆ. ನಮ್ಮಲ್ಲಿ ಅದಕ್ಕೆ ಯಾರೂ ಬೀಳಬೇಕಿಲ್ಲ, ಮಳೆ ಸುರಿಯುವ ಆಟಿ ತಿಂಗಳು ಬಂದರೆ ಸಾಕು.

ನಾನು ಕೇಬಲ್ ಬಿಟ್ಟ ವರ್ಷ ಅವರ ಫೋನ್ ಬಂತು. “ಡಿಶ್ ಹಾಕಿಸಿದ್ದೇನೆ, ಇನ್ನು ನಿನಗೆ ತೊಂದರೆ ಇಲ್ಲ” ಎಂದರು. ಸ್ವಲ್ಪ ಸುಮ್ಮನಿದ್ದು, “ಸರಿಯಾಗಿ ಕೂರಿಸಿದ್ದಾರೋ ಇಲ್ಲವೋ, ಒಮ್ಮೆ ಬಂದು ನೋಡು” ಎಂದರು. ನೋಡಿದೆ, ಸರಿಯಾಗಿಯೇ ಇತ್ತು. ಇಂಜಿನ್ ಓಡುತ್ತಲೇ ಇತ್ತು. ಎರಡನೇ ಲೋಟ ಕಾಫಿ ಬರುವ ಹೊತ್ತಿಗೆ ಹೋಗಿ ಆರಿಸಿ ಬಂದೆ.