ಮೈದಾ ಡಬ್ಬಿಯ ದುಂಬಿಯನ್ನು ಗುರುತಿಸುವುದು ಹೇಗೆ?

ಮೈದಾ ಜರಡಿ ಹಿಡಿದಾಗ ಮೇಲೆ ಉಳಿದು ಹರಿದಾಡುವ ಕಂದುಗೆಂಪು ಜೀವಿಗಳನ್ನು ‘ಹುಳು ಬಿದ್ದಿದೆ’ ಎಂಬ ಒಂದೇ ಮಾತಿನಲ್ಲಿ ಮುಗಿಸದೆ, ಅವುಗಳಲ್ಲೊಂದನ್ನು ಬಿಳಿ ಕಾಗದದ ಮೇಲಿಟ್ಟುಕೊಂಡು ಭೂತಗನ್ನಡಿಯಲ್ಲಿ ನೋಡಿ.

ಮೊದಲು ಮುಖವನ್ನು ಗಮನಿಸಬೇಕು. ಅದು ಸೊಂಡಿಲಿನಂತೆ ಮುಂದಕ್ಕೆ ಚಾಚಿದ್ದರೆ ಇಡೀ ಕಾಳನ್ನೇ ಕೊರೆಯುವ ಮೂತಿಹುಳು. ಕತ್ತಿನ ಎರಡೂ ಅಂಚುಗಳಲ್ಲಿ ಗರಗಸದಂತೆ ಆರಾರು ಹಲ್ಲುಗಳಿದ್ದರೆ ಅದು ಬೇರೆಯದೇ ಜಾತಿ. ಇವೆರಡೂ ಇಲ್ಲದೆ, 3ರಿಂದ 4 ಮಿಲಿಮೀಟರ್ ಉದ್ದದ ಚಪ್ಪಟೆ ಮೈ ಇದ್ದು, ಕುಡಿಮೀಸೆಯ ಕೊನೆಯ ಮೂರು ಗೆಣ್ಣುಗಳು ಥಟ್ಟನೆ ಗದೆಯಂತೆ ದಪ್ಪಗಾಗಿದ್ದರೆ ಅದು ಕೆಂಪು ಹಿಟ್ಟಿನ ದುಂಬಿ, ಅಂದರೆ ಟ್ರೈಬೋಲಿಯಮ್ ಕ್ಯಾಸ್ಟೇನಿಯಮ್.

ಇನ್ನು ಕಾಲುಗಳು. ಮುಂದಿನ ಮತ್ತು ನಡುವಿನ ಪಾದಗಳಲ್ಲಿ ಐದೈದು ಗೆಣ್ಣುಗಳಿದ್ದು ಹಿಂದಿನವುಗಳಲ್ಲಿ ನಾಲ್ಕೇ ಇರುವುದು ಈ ದುಂಬಿ ಸೇರಿರುವ ಟೆನೆಬ್ರಿಯೋನಿಡೇ ಕುಟುಂಬದ ಗುರುತು. ಇಷ್ಟು ಪುಟ್ಟ ಕೀಟದಲ್ಲಿ ಇದನ್ನು ಎಣಿಸಲು ಸೂಕ್ಷ್ಮದರ್ಶಕವೇ ಬೇಕಾದೀತು. ಸುಮಾರು 20,000 ಪ್ರಭೇದಗಳ ಈ ಕುಟುಂಬದಲ್ಲಿ ಹೆಚ್ಚಿನವು ಕಪ್ಪು ಅಥವಾ ಕಂದು ಬಣ್ಣದವು. ಹಗಲಿಡೀ ಕಲ್ಲು, ತೊಗಟೆ, ತರಗೆಲೆಗಳಡಿ ಅಡಗಿದ್ದು ಇರುಳಲ್ಲಿ ಹೊರಬರುವಂಥವು. ಆಫ್ರಿಕಾದ ನಮೀಬ್ ಮರುಭೂಮಿಯಲ್ಲಿ ಮಂಜಿಗೆ ಬೆನ್ನೊಡ್ಡಿ ತಲೆಕೆಳಗಾಗಿ ನಿಂತು, ಬಾಯಿಗೆ ಜಾರಿಬರುವ ಹನಿಯನ್ನು ಕುಡಿಯುವ ದುಂಬಿಯೂ, ಬೇಸಿಗೆಯ ಮಳೆ ಬಿದ್ದೊಡನೆ ರಬ್ಬರ್ ತೋಟದ ತರಗೆಲೆಯಿಂದೆದ್ದು ಮನೆಗಳಿಗೆ ನುಗ್ಗುವ, ಕೇರಳದವರು ‘ಮುಪ್ಲಿ’ ಎನ್ನುವ ದುಂಬಿಯೂ ನಮ್ಮ ಡಬ್ಬಿಯ ಈ ಅತಿಥಿಯ ಬಳಗದವೇ.

ಕಣ್ಣಿಗಿಂತ ಮೂಗು ಬೇಗ ಪತ್ತೆಹಚ್ಚುವುದೂ ಉಂಟು. ಹಿಟ್ಟಿನ ದುಂಬಿ ಆತ್ಮರಕ್ಷಣೆಗೆ ಸ್ರವಿಸುವ ಕ್ವಿನೋನ್ ಎಂಬ ರಾಸಾಯನಿಕಗಳಿಂದ ಹಿಟ್ಟಿಗೆ ಕಟುವಾಸನೆ ಅಂಟುತ್ತದೆ, ಹಾವಳಿ ಹೆಚ್ಚಿದರೆ ನಸುಗೆಂಪು ಬಣ್ಣವೂ ಬರುತ್ತದೆ. ಅಂಥ ಹಿಟ್ಟನ್ನು ಎಸೆಯುವುದೇ ಸರಿ.

ಜರಡಿ ಹಿಡಿದರೆ ಸಾಕೆಂಬ ನಂಬಿಕೆಯಲ್ಲಿ ಅರ್ಧ ಮಾತ್ರ ನಿಜವಿದೆ. ಹೆಣ್ಣು ದುಂಬಿ ಹಲವು ತಿಂಗಳು ಬದುಕಿ ನೂರಾರು ಮೊಟ್ಟೆಗಳನ್ನಿಡುತ್ತದೆ; ಅಂಟಂಟಾದ ಆ ಮೊಟ್ಟೆಗಳಿಗೆ ಹಿಟ್ಟು ಮೆತ್ತಿಕೊಳ್ಳುವುದರಿಂದ ಅವು ಕಾಣುವುದೇ ಇಲ್ಲ. ಬಾಲದ ತುದಿಯಲ್ಲಿ ಎರಡು ಮೊನೆಗಳಿರುವ ಹಳದಿ ಮರಿಹುಳುಗಳು ಹೊರಬಂದ ಮೇಲಷ್ಟೇ ನಮಗೆ ಗೊತ್ತಾಗುತ್ತದೆ. ಹೊಸದಾಗಿ ತಂದ ಮೈದಾವನ್ನು ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ನಾಲ್ಕು ದಿನ ಇಟ್ಟರೆ ಮೊಟ್ಟೆಗಳೂ ಸಾಯುತ್ತವೆ. ರವೆಯನ್ನಾದರೆ ನಮ್ಮ ಅಜ್ಜಿಯರಂತೆ ಬಿಸಿಯಾಗಿ ಹುರಿದು, ಆರಿಸಿ ತುಂಬಿಡಬಹುದು. ಹಳೆಯ ಡಬ್ಬಿಗೆ ಹೊಸ ಹಿಟ್ಟನ್ನು ಸುರಿಯುವ ಮುನ್ನ ಮುಚ್ಚಳದ ತಿರುಪಿನ ಸಂದಿಯನ್ನೂ ಕಪಾಟಿನ ಮೂಲೆಯನ್ನೂ ಒಣಬಟ್ಟೆಯಿಂದ ಒರೆಸಿ, ಏಕೆಂದರೆ ಚಿಟಿಕೆ ಹಿಟ್ಟು ಉಳಿದಲ್ಲೂ ಇವು ಸಂಸಾರ ಹೂಡುತ್ತವೆ.