ಉಪ್ಪುಗಾಳಿ ತಿಂದ ಬೇಸ್ ಗಿಟಾರ್: ರಿಪೇರಿಯಿಂದ ಮಾರಾಟದವರೆಗೆ

ಕಾರವಾರ, ಅಂಕೋಲಾ, ಹೊನ್ನಾವರದ ಕಡೆ ಆರ್ಕೆಸ್ಟ್ರಾ ಅಥವಾ ಚರ್ಚ್ ಬ್ಯಾಂಡಿನಲ್ಲಿ ನುಡಿದ ಹಳೆಯ ಬೇಸ್ ಗಿಟಾರ್ ಅಟ್ಟದ ಮೇಲೆ ಸಿಕ್ಕಿದರೆ, ಅದು ಕೆಟ್ಟಿರುವುದು ನುಡಿಸಿ ಅಲ್ಲ, ಇಟ್ಟಲ್ಲೇ ಇಟ್ಟು. ಕಡಲ ಗಾಳಿಯ ಉಪ್ಪು ಲೋಹಕ್ಕೆ ಹತ್ತುತ್ತದೆ. ಮಳೆಗಾಲದ ತೇವವನ್ನು ಅದೇ ಉಪ್ಪು ಹೀರಿ ಹಿಡಿದಿಡುತ್ತದೆ. ಮರ ಹೆಚ್ಚಾಗಿ ಗಟ್ಟಿಯಾಗಿಯೇ ಇರುತ್ತದೆ. ಕೆಲಸವೆಲ್ಲ ಲೋಹದ್ದು ಮತ್ತು ವೈರಿಂಗಿನದು. ಹೊಸ ಬಣ್ಣ ಹೊಡೆಸುವ ಆಸೆಯನ್ನು ಮಾತ್ರ ಈಗಲೇ ಬಿಡಿ. ಹಳೆಯ ವಾದ್ಯ ಕೊಳ್ಳುವವರು ದುಡ್ಡು ಕೊಡುವುದೇ ಮೂಲ ಬಣ್ಣಕ್ಕೆ, ಮೂಲ ಭಾಗಗಳಿಗೆ. ಗೀರು ಬಿದ್ದ ಹಳೆಯ ಬಣ್ಣಕ್ಕಿರುವ ಬೆಲೆ ಹೊಳೆಯುವ ಹೊಸ ಬಣ್ಣಕ್ಕಿಲ್ಲ.

ಮೊದಲು ಗುರುತು ಹಿಡಿಯಿರಿ

ಯಾವ ತಿರುಪನ್ನೂ ಬಿಚ್ಚುವ ಮೊದಲು ಎಲ್ಲ ಕಡೆಯಿಂದ ಫೋಟೊ ತೆಗೆಯಿರಿ. ಅಮೆರಿಕದ ಗಿಟಾರ್ ತಯಾರಕ ಫೆಂಡರ್ ಕಂಪನಿ ತನ್ನ ಪ್ರಿಸಿಷನ್ ಬೇಸನ್ನು 1951ರಲ್ಲಿ, ಜಾಝ್ ಬೇಸನ್ನು 1960ರಲ್ಲಿ ತಂದಿತು. 1976ರ ಹೊತ್ತಿಗೆ ಅದರ ಸೀರಿಯಲ್ ನಂಬರ್ ನೆಕ್ (ಗಿಟಾರಿನ ಉದ್ದನೆಯ ಕತ್ತು) ಹಿಂದಿನ ಪ್ಲೇಟಿನಿಂದ ತಲೆಯ ಭಾಗಕ್ಕೆ ಬಂತು. ಪ್ಲೇಟನ್ನು ಯಾರು ಬೇಕಾದರೂ ಬದಲಿಸಬಹುದಾದ್ದರಿಂದ ಆ ನಂಬರೊಂದನ್ನೇ ನಂಬಬೇಡಿ. ವಾಲ್ಯೂಮ್ ಪಾಟ್‌ನ (ಸದ್ದಿನ ಗುಂಡಿಯ ಅಡಿಯಲ್ಲಿರುವ ಭಾಗ) ಬೆನ್ನಿನ ಅಂಕಿ ನೋಡಿ: 1376612 ಎಂದಿದ್ದರೆ 137 ಎಂದರೆ ಸಿಟಿಎಸ್ ಕಂಪನಿ, 66 ಎಂದರೆ 1966, 12 ಎಂದರೆ ಹನ್ನೆರಡನೇ ವಾರ. ಪಾಟ್ ಮೂಲದ್ದೇ ಆಗಿದ್ದರೆ ವಾದ್ಯ ಅದಕ್ಕಿಂತ ಹಳೆಯದಾಗಿರಲಾರದು. ಯಾರೂ ಮುಟ್ಟದ ಬೆಸುಗೆಯೂ ಸಾಕ್ಷಿಯೇ, ಅನಗತ್ಯವಾಗಿ ಕರಗಿಸಬೇಡಿ.

ವೈರಿಂಗ್

ಜಾಕ್‌ಗೆ ಕೇಬಲ್ ಹಾಕಿ, ವಾಲ್ಯೂಮ್ ಪೂರ್ತಿ ಏರಿಸಿ, ಕೇಬಲಿನ ಇನ್ನೊಂದು ತುದಿಯಲ್ಲಿ ಮಲ್ಟಿಮೀಟರ್ ಹಿಡಿಯಿರಿ. ಪ್ರಿಸಿಷನ್ ಮಾದರಿಯಲ್ಲಿ ಸುಮಾರು 10 ಕಿಲೊಓಮ್ ಬಂದರೆ ಪಿಕಪ್, ಅಂದರೆ ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಅಯಸ್ಕಾಂತ ಮತ್ತು ಸುರುಳಿ, ಜೀವಂತ. 250 ಕಿಲೊಓಮ್ ಆಸುಪಾಸು ತೋರಿಸಿದರೆ ಮೀಟರ್ ಅಳೆಯುತ್ತಿರುವುದು ಪಾಟನ್ನು ಮಾತ್ರ. ಪಿಕಪ್ಪಿನ ಸುರುಳಿ ಕಡಿದಿದೆ. ಸುರುಳಿಯ ತಂತಿ ಕೂದಲಿಗಿಂತ ದಪ್ಪವಿಲ್ಲ. ಅದು ಹೊರಗಿನ ವೈರಿಗೆ ಸೇರುವ ಜಾಗದಲ್ಲಿ ಕಿಲುಬು ಹಿಡಿದು ಕಡಿಯುವುದೇ ಹೆಚ್ಚು. ಭೂತಗನ್ನಡಿ ಹಿಡಿದು ನೋಡಿ. ತುದಿ ಸಿಕ್ಕಿದರೆ ಬೆಸುಗೆ ಹಾಕಿ ಉಳಿಸಬಹುದು. ಸಿಗದಿದ್ದರೆ ಮತ್ತೆ ಸುತ್ತಿಸಬೇಕು. ಆದರೆ ಹಳೆಯ ಪಿಕಪ್ ಎಸೆದು ಹೊಸದು ಹಾಕಬೇಡಿ.

ಪಾಟ್ ತಿರುಗಿಸುವಾಗ ಕರಕರ ಅಂದರೆ ಕಾಂಟ್ಯಾಕ್ಟ್ ಕ್ಲೀನರ್ ಒಂದೆರಡು ಚಿಮ್ಮು ಒಳಗೆ ಬಿಟ್ಟು, ಈ ತುದಿಯಿಂದ ಆ ತುದಿಗೆ ಮೂವತ್ತು ಸಲ ತಿರುಗಿಸಿ. ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಹಾಕಿದರೆ ಧೂಳು ಕಟ್ಟಿ ಇನ್ನೂ ಕೆಡುತ್ತದೆ. ಸದಾ ಗುಂಯ್‌ಗುಡುವ ಬೇಸು ತಂತಿ ಮುಟ್ಟಿದರೂ ತಣ್ಣಗಾಗದಿದ್ದರೆ ಬ್ರಿಜ್ (ಬಾಡಿಯ ಮೇಲೆ ತಂತಿಗಳನ್ನು ಹೊತ್ತ ಲೋಹದ ಭಾಗ) ಅಡಿಯ ಅರ್ಥ್ ವೈರ್ ನೋಡಿ. ಉಪ್ಪು ಅದರ ಸಂಪರ್ಕ ತಿಂದಿರುತ್ತದೆ. ಬ್ರಿಜ್ ಬಿಚ್ಚಿ, ವೈರ್ ತಾಗುವಷ್ಟೇ ಜಾಗವನ್ನು ಸಣ್ಣ ಮರಳುಕಾಗದದಿಂದ ಉಜ್ಜಿ ಮತ್ತೆ ಬಿಗಿಯಿರಿ.

ತುಕ್ಕು

ಬ್ರಿಜ್‌ನ ಸಣ್ಣ ತಿರುಪುಗಳು ಜಾಮ್ ಆಗಿದ್ದರೆ ತುಕ್ಕು ಬಿಡಿಸುವ ಎಣ್ಣೆ ಒಂದು ಹನಿ ಬಿಟ್ಟು ರಾತ್ರಿಯಿಡೀ ಕಾಯಿರಿ. ಇಂಚು ಅಳತೆಯ ತಿರುಪಿಗೆ ಮಿಲಿಮೀಟರ್ ಅಳತೆಯ ಆಲನ್ ಕೀ ತುರುಕಿದರೆ ಮೂಲೆ ಸವೆದು ತಿರುಪು ಶಾಶ್ವತವಾಗಿ ಅಲ್ಲೇ ಉಳಿಯುತ್ತದೆ. ನೆಕ್ ಮೇಲಿನ ಲೋಹದ ಅಡ್ಡಪಟ್ಟಿಗಳಾದ ಫ್ರೆಟ್‌ಗಳಿಗೆ ನಾಲ್ಕು ಸೊನ್ನೆಯ (0000, ತೀರ ನಯವಾದ) ಸ್ಟೀಲ್ ವೂಲ್ ಸಾಕು. ಅದಕ್ಕೂ ಮೊದಲು ಪಿಕಪ್ ಮೇಲೆ ಟೇಪ್ ಅಂಟಿಸಲೇಬೇಕು. ಇಲ್ಲದಿದ್ದರೆ ಕಬ್ಬಿಣದ ಪುಡಿಯನ್ನೆಲ್ಲ ಅಯಸ್ಕಾಂತ ಎಳೆದುಕೊಳ್ಳುತ್ತದೆ. ಬೀಟೆ ಮರದ ಫಿಂಗರ್‌ಬೋರ್ಡಿಗೆ (ಬೆರಳೊತ್ತುವ ಹಲಗೆ) ಲೆಮನ್ ಆಯಿಲ್ ಒಂದು ಪದರ ಸವರಿ ಒರೆಸಿ. ಬಾಡಿಯ ಬೂಷ್ಟನ್ನು ಲೈಟರ್ ಪೆಟ್ರೋಲಿನಲ್ಲಿ ತುಸು ನೆನೆಸಿದ ಬಟ್ಟೆಯಿಂದ ತೆಗೆಯಿರಿ. ಬೆಂಕಿ ಹತ್ತಿರ ಬೇಡ, ಕಿಟಕಿ ತೆರೆದಿರಲಿ. ಥಿನ್ನರ್, ಸ್ಪಿರಿಟ್ ಮುಟ್ಟಿಸಲೇಬೇಡಿ, ಹಳೆಯ ನೈಟ್ರೊ (ನೈಟ್ರೊಸೆಲ್ಯುಲೋಸ್) ಬಣ್ಣ ಕರಗಿ ಬರುತ್ತದೆ.

ನೆಕ್

ಹಳೆಯ ಬೇಸುಗಳು ಹಾಳಾಗುವುದು ಅವಸರದ ಕೈಯಲ್ಲಿ, ಅದೂ ಈ ಹಂತದಲ್ಲಿ. ಹೊಸ ತಂತಿ, 45ರಿಂದ 105ರ (ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ ತಂತಿಯ ದಪ್ಪ) ಸೆಟ್, ಹಾಕಿ ಶ್ರುತಿ ಮಾಡಿ. ನಾಲ್ಕೂ ಸೇರಿ 70 ಕಿಲೊಗಿಂತ ಹೆಚ್ಚಿನ ಎಳೆತ ನೆಕ್ ಮೇಲೆ ಬೀಳುತ್ತದೆ, ಅದಕ್ಕೆ ಹೊಂದಿಕೊಳ್ಳಲು ಒಂದು ದಿನ ಬಿಡಿ. ಮರುದಿನ ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ನೆಕ್ ಬಾಡಿಗೆ ಸೇರುವ ಫ್ರೆಟ್‌ನಲ್ಲೂ ಒತ್ತಿ ಹಿಡಿದು ಏಳನೇ ಫ್ರೆಟ್ ಮೇಲಿನ ಸಂದು ಅಳೆಯಿರಿ: ಸುಮಾರು 0.3 ಮಿ.ಮೀ. ಇರಬೇಕು. ಹೆಚ್ಚಿದ್ದರೆ ತಂತಿ ಸಡಿಲಿಸಿ ಟ್ರಸ್ ರಾಡನ್ನು (ನೆಕ್ ಒಳಗಿನ, ಅದರ ಬಾಗು ಸರಿಪಡಿಸುವ ಲೋಹದ ಸರಳು) ಬಲಕ್ಕೆ ಕಾಲು ಸುತ್ತು ಮಾತ್ರ ತಿರುಗಿಸಿ, ಮತ್ತೆ ಶ್ರುತಿ ಮಾಡಿ ಅಳೆಯಿರಿ. ಬಿಗಿಯಾಗಿದ್ದರೆ ಅಲ್ಲಿಗೇ ನಿಲ್ಲಿಸಿ, ಬಲ ಹಾಕಿದರೆ ರಾಡ್ ತುಂಡಾಗುತ್ತದೆ. ಶಿರಸಿಯ ಜುಲೈ ತಿಂಗಳಲ್ಲಿ ಮಾಡಿದ ಹೊಂದಾಣಿಕೆ ಮಾರ್ಚ್‌ಗೆ ಉಳಿಯುವುದಿಲ್ಲ. ಆದ್ದರಿಂದ ಈ ಕೆಲಸಕ್ಕೆ ದೀಪಾವಳಿ ಕಳೆದ ಮೇಲಿನ ಒಣ ದಿನಗಳೇ ಒಳ್ಳೆಯವು.

ತಂತಿಯ ಎತ್ತರವನ್ನು 17ನೇ ಫ್ರೆಟ್‌ನಲ್ಲಿ ದಪ್ಪ ತಂತಿಗೆ 2.4, ಸಣ್ಣದಕ್ಕೆ 2 ಮಿ.ಮೀ. ಇಡಿ. ಹನ್ನೆರಡನೇ ಫ್ರೆಟ್‌ನಲ್ಲಿ ಒತ್ತಿದ ಸ್ವರ ಅಲ್ಲಿನ ಹಾರ್ಮೋನಿಕ್‌ಗಿಂತ (ತಂತಿಯನ್ನು ಒತ್ತದೆ ಬರಿ ಮುಟ್ಟಿ ಮೀಟಿದಾಗ ಬರುವ ಸ್ವರ) ಏರಿದ್ದರೆ ಸ್ಯಾಡಲನ್ನು (ಬ್ರಿಜ್ ಮೇಲೆ ತಂತಿ ಕೂರುವ ತುಂಡು) ಹಿಂದಕ್ಕೆ ಎಳೆಯಿರಿ, ಇಳಿದಿದ್ದರೆ ಮುಂದಕ್ಕೆ.

ಮಾರಾಟ

ಜಾಲತಾಣಗಳಲ್ಲಿ ಮಾರುವವರು ಕೇಳುವ ಬೆಲೆ ನೋಡಿ ಹಿಗ್ಗಬೇಡಿ. ಅದೇ ವರ್ಷದ, ಅದೇ ಸ್ಥಿತಿಯ ವಾದ್ಯ ನಿಜಕ್ಕೂ ಎಷ್ಟಕ್ಕೆ ಹೋಯಿತೆಂದು ಹುಡುಕಿ. ಕಾರವಾರದವರಿಗೆ ಗೋವಾದ ಬ್ಯಾಂಡುಗಳವರು ಹತ್ತಿರದ ಗಿರಾಕಿಗಳು, ನುಡಿಸಿ ನೋಡಿಯೇ ಕೊಳ್ಳುತ್ತಾರೆ. ಜಾಹೀರಾತಿನಲ್ಲಿ ಪಾಟ್ ಅಂಕಿ, ಬೆಸುಗೆ, ನೆಕ್‌ನ ಬುಡ, ಬಿರುಕು ಎಲ್ಲದರ ಫೋಟೊ ಇರಲಿ, ಬದಲಿಸಿದ್ದನ್ನು ಬಾಯಿಬಿಟ್ಟು ಬರೆಯಿರಿ. ಹೊರದೇಶಕ್ಕೆ ಕಳಿಸುವುದಾದರೆ ಫಿಂಗರ್‌ಬೋರ್ಡ್ ಯಾವ ಮರದ್ದೆಂದು ತಿಳಿದುಕೊಳ್ಳಿ: ಬ್ರೆಜಿಲಿನ ಬೀಟೆ 1992ರಿಂದ ಸೈಟ್ಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರ ತಡೆಯುವ ಅಂತರರಾಷ್ಟ್ರೀಯ) ಒಪ್ಪಂದದ ಮೊದಲ ಪಟ್ಟಿಯಲ್ಲಿದೆ, ಪರವಾನಗಿ ಇಲ್ಲದೆ ಗಡಿ ದಾಟುವಂತಿಲ್ಲ.

ಪಾರ್ಸೆಲ್ ಮಾಡುವಾಗ ತಂತಿಗಳನ್ನು ಒಂದು ಸ್ವರದಷ್ಟು ಇಳಿಸಿ, ತಲೆಯ ಭಾಗದ ಕೆಳಗೆ ಮೆತ್ತೆ ಕೊಡಿ, ಕೇಸಿನೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ. ಬಿಚ್ಚಿದ ಹಳೆಯ ತಿರುಪು, ಪಾಟ್, ಪಿಕಪ್ ಏನಿದ್ದರೂ ಒಂದು ಚೀಲಕ್ಕೆ ಹಾಕಿ ಜೊತೆಗೇ ಕಳಿಸಿ.