ನೇತ್ರಾಣಿಯಿಂದ ಮರಳಿದ ಕಿವಿಗಳು

ಮಳೆಗಾಲ ಕಳೆದು ಅಕ್ಟೋಬರ್ ಹೊತ್ತಿಗೆ ನೇತ್ರಾಣಿ ದ್ವೀಪದ ಸುತ್ತಲಿನ ನೀರು ತಿಳಿಯಾಗುತ್ತದೆ. ಅದರ ಬೆನ್ನಿಗೇ ಹೊನ್ನಾವರದ ನನ್ನ ಕ್ಲಿನಿಕ್ಕಿಗೆ ಬೆಂಗಳೂರಿನ, ಹುಬ್ಬಳ್ಳಿಯ ಕಿವಿಗಳು ಬರತೊಡಗುತ್ತವೆ. ಮುರ್ಡೇಶ್ವರದಿಂದ ದೋಣಿಯಲ್ಲಿ ಸುಮಾರು 19 ಕಿ.ಮೀ. ಹೋಗಿ, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಮುಳುಗಿ, ಸಂಜೆ ಕಿವಿ ಹಿಡಿದುಕೊಂಡು ಬರುವವರು ಇವರು. ಹೆಚ್ಚಿನವರದು ಮಧ್ಯಕಿವಿಯ ತೊಂದರೆ. ಕಿವಿಯ ತಮಟೆ ಕೆಂಪಾಗಿರುತ್ತದೆ, ಅದರ ಹಿಂದೆ ಒಂದಿಷ್ಟು ನೀರೋ ರಕ್ತವೋ ಕೂಡಿರುತ್ತದೆ, ಕೆಲವು ವಾರಗಳಲ್ಲಿ ತಾನಾಗಿ ಸರಿಹೋಗುತ್ತದೆ. ನನಗೆ ಚಿಂತೆ ಹುಟ್ಟಿಸುವವರು ಬೇರೆ: ತಮಟೆ ಚೆನ್ನಾಗಿಯೇ ಕಾಣುತ್ತಿದ್ದು, ಎದ್ದು ನಿಲ್ಲಲಾಗದವರು.

ಅಂಥ ಒಬ್ಬ ತರುಣನನ್ನು ಗೆಳೆಯರಿಬ್ಬರು ಹೆಗಲು ಕೊಟ್ಟು ಕರೆತಂದಿದ್ದರು. ಹಿಂದಿನ ದಿನ ಮುಳುಗಿದ್ದ. ಎಡಗಿವಿ ಮಂದವಾಗಿದೆ, ಒಳಗೆ ಒಂದೇ ಸಮನೆ ಗುಂಯ್‌ಗುಡುತ್ತಿದೆ, ತಲೆ ತಿರುಗಿಸಿದರೆ ವಾಂತಿ. ಯಾರೋ ನೀರು ಹೋಗಿರಬೇಕೆಂದು ಹೇಳಿ ಔಷಧದ ಹನಿ ಕೊಟ್ಟಿದ್ದರಂತೆ. ಕಿವಿಗೆ ದೀಪ ಹಿಡಿದು ನೋಡಿದರೆ ತಮಟೆಯ ಅಂಚಿನಲ್ಲಿ ತುಸು ಕೆಂಪು, ಅಷ್ಟೇ.

ಇಂಥವರಿಗೆ ನಾನು ಕೇಳುವ ಮೊದಲ ಪ್ರಶ್ನೆ ನೋವಿನದ್ದಲ್ಲ, ಹೊತ್ತಿನದ್ದು. ಇಳಿಯುವಾಗ ಶುರುವಾಯಿತೋ, ಮೇಲೆ ಬಂದ ಮೇಲೋ? ಕಟ್ಟಿದ ಕಿವಿ ಬಿಡಿಸಿಕೊಳ್ಳಲು ಕಷ್ಟವಾಯಿತೋ? ಎಷ್ಟು ಆಳ, ಎಷ್ಟು ಸಲ? ಆತ ಉತ್ತರಿಸುವ ಮೊದಲೇ ಗೆಳೆಯ ಹೇಳಿದ: "ಡಾಕ್ಟರೇ, ಇವನಿಗೆ ಮೊದಲೇ ಶೀತವಿತ್ತು. ಬೆಳಿಗ್ಗೆ ಮೂಗಿಗೆ ಸ್ಪ್ರೇ ಹೊಡೆದುಕೊಂಡು ಬಂದ. ಕೆಳಗೆ ಹೋದಾಗ ಮೂಗು ಹಿಡಿದು ಊದಿ ಊದಿ ಮುಖವೆಲ್ಲ ಕೆಂಪಾಗಿತ್ತು, ವಿಡಿಯೋದಲ್ಲೇ ಕಾಣುತ್ತದೆ." ರೋಗಿಯ ಗೆಳೆಯನಷ್ಟು ಪ್ರಾಮಾಣಿಕವಾಗಿ ರೋಗಿ ಎಂದೂ ಮಾತನಾಡುವುದಿಲ್ಲ.

ಆಮೇಲೆ 512 ಹರ್ಟ್ಝ್ ಟ್ಯೂನಿಂಗ್ ಫೋರ್ಕ್ ತೆಗೆದು, ಮಿಡಿದು, ಹಣೆಯ ನಡುವೆ ಇಟ್ಟೆ. ಮಧ್ಯಕಿವಿಯಲ್ಲಿ ನೀರು ನಿಂತಿದ್ದರೆ ಸದ್ದು ಕೆಟ್ಟ ಕಿವಿಯಲ್ಲೇ ಜೋರಾಗಿ ಕೇಳುತ್ತದೆ. ಒಳಕಿವಿ ಪೆಟ್ಟು ತಿಂದಿದ್ದರೆ ಸದ್ದು ಒಳ್ಳೆಯ ಕಿವಿಯ ಕಡೆಗೆ ವಾಲುತ್ತದೆ. ಆತ ಬಲಗಿವಿ ತೋರಿಸಿದ. ಎಷ್ಟು ಕೇಳುತ್ತದೆಂದು ಅಳೆಯುವ ಆಡಿಯೋಮೆಟ್ರಿ ಮಾಡಿಸಿದ್ದು ಅದೇ ಮಧ್ಯಾಹ್ನ. ಮೇಲಿನ ಸ್ವರಗಳೆಲ್ಲ ಕುಸಿದಿದ್ದವು.

ನಡೆದದ್ದು ಇಷ್ಟು. ಕಡಲಿನ ಮೊದಲ 10 ಮೀಟರಿನಲ್ಲೇ ಒತ್ತಡ ಒಂದರಿಂದ ಎರಡು ಪಟ್ಟಾಗುತ್ತದೆ. 20ರಿಂದ 30 ಮೀಟರಿಗೆ ಇಳಿದರೆ ಮೂರರಿಂದ ನಾಲ್ಕಕ್ಕೆ ಏರುತ್ತದೆ. ಹಾಗಾಗಿ ಕಿವಿಗೆ ಅತಿ ಹೆಚ್ಚು ಕಷ್ಟ ಹೊಸಬರು ಓಡಾಡುವ ಆ ಮೇಲಿನ ನೀರಿನಲ್ಲೇ. ಗಂಟಲಿನಿಂದ ಮಧ್ಯಕಿವಿಗೆ ಗಾಳಿ ಒಯ್ಯುವ ಯುಸ್ಟೇಷಿಯನ್ ನಾಳವನ್ನು ಆಗಾಗ ತೆರೆಯುತ್ತಾ ಇಳಿಯಬೇಕು. ಒಂದು ಮೀಟರಿಗಿಂತ ತುಸು ಹೆಚ್ಚು ಇಳಿಯುವವರೆಗೂ ತೆರೆಯದಿದ್ದರೆ ಹೊರಗಿನ ಒತ್ತಡ ಆ ನಾಳವನ್ನು ಅದುಮಿ ಮುಚ್ಚಿಬಿಡಬಹುದು. ಆಗ ಊದಿದಷ್ಟೂ ಗಾಳಿ ಕಿವಿಗೆ ಹೋಗುವುದಿಲ್ಲ. ಊದುವ ಬಲವೆಲ್ಲ ತಲೆಬುರುಡೆಯೊಳಗಿನ ದ್ರವದ ಒತ್ತಡವನ್ನು ಏರಿಸುತ್ತದೆ. ಆ ದ್ರವಕ್ಕೂ ಒಳಕಿವಿಯ ದ್ರವಕ್ಕೂ ಸಣ್ಣದೊಂದು ಸಂಪರ್ಕವಿದೆ. ಒಳಕಿವಿಗೂ ಮಧ್ಯಕಿವಿಗೂ ನಡುವಿನ ದುಂಡು ಕಿಟಕಿಯ ತೆಳುಪೊರೆ ಹೊರಕ್ಕೆ ಉಬ್ಬಿ ಹರಿಯುತ್ತದೆ, ದ್ರವ ಸೋರುತ್ತದೆ. ಕೇಳುವ ಕೋಶಗಳೂ ಸಮತೋಲದ ಅಂಗಗಳೂ ಆ ದ್ರವವನ್ನೇ ನಂಬಿಕೊಂಡಿರುವುದರಿಂದ ಕಿವುಡು, ಗುಂಯ್‌ಗುಡುವಿಕೆ, ತಲೆಸುತ್ತು ಮೂರೂ ಒಟ್ಟಿಗೆ ಬರುತ್ತವೆ. ಸ್ಪ್ರೇ ಹೊಡೆದುಕೊಂಡವರಿಗೆ ಇನ್ನೊಂದು ಅಪಾಯವಿದೆ. ನೀರೊಳಗೇ ಅದರ ಪ್ರಭಾವ ಇಳಿದರೆ ಮೇಲೆ ಬರುವಾಗ ಗಾಳಿ ಹೊರಬರಲಾರದೆ ಸಿಕ್ಕಿಕೊಳ್ಳುತ್ತದೆ.

ಹೊತ್ತಿನ ಪ್ರಶ್ನೆಗೆ ನಾನು ಇಷ್ಟೊಂದು ಅಂಟಿಕೊಳ್ಳಲು ಕಾರಣವಿದೆ. ಇಳಿಯುವಾಗ ಏನೂ ಆಗದೆ, ಮೇಲೆ ಬಂದು ಸ್ವಲ್ಪ ಹೊತ್ತಿಗೆ ಇದೇ ಮೂರು ಲಕ್ಷಣ ಕಾಣಿಸಿಕೊಂಡರೆ ರಕ್ತದಲ್ಲೋ ಒಳಕಿವಿಯಲ್ಲೋ ಸಾರಜನಕದ ಗುಳ್ಳೆ ಎದ್ದಿರಬಹುದು. ಅದಕ್ಕೆ ಕೂಡಲೇ ಶುದ್ಧ ಆಮ್ಲಜನಕ ಕೊಟ್ಟು, ಒತ್ತಡ ಕೋಣೆಯಿರುವ ಆಸ್ಪತ್ರೆಗೆ ಸಾಗಿಸಬೇಕು. ಪೊರೆ ಹರಿದವನನ್ನು ಅದೇ ಕೋಣೆಗೆ ಹಾಕಿದರೆ ಹರಿದಲ್ಲಿಗೇ ಮತ್ತೆ ಒತ್ತಡ ಬೀಳುತ್ತದೆ. ಒಂದರ ಔಷಧ ಇನ್ನೊಂದಕ್ಕೆ ಹಾನಿ. ಒಂದೇ ಬಾರಿ, 10 ಮೀಟರಿನೊಳಗೆ ಇಳಿದ ಪ್ರವಾಸಿಗನಲ್ಲಿ ಗುಳ್ಳೆಯ ಸಾಧ್ಯತೆ ತೀರಾ ಕಡಿಮೆ. ದಿನವಿಡೀ ಮುಳುಗುತ್ತಲೇ ಇರುವ ಮಾರ್ಗದರ್ಶಕರ ವಿಷಯ ಹಾಗಲ್ಲ. ಅವರು ತಲೆಸುತ್ತೆಂದು ಬಂದರೆ ಕೈಕಾಲಿನ ಜೋಮು, ಕೀಲುನೋವು, ಚರ್ಮದ ಕಲೆ ಎಲ್ಲವನ್ನೂ ಕೆದಕಿ ಕೇಳುತ್ತೇನೆ.

ಈ ತರುಣನಿಗೆ ಬೇಕಾದದ್ದು ಮಲಗುವುದು. ತಲೆಯ ಕಡೆಗೆ ಸುಮಾರು 30 ಡಿಗ್ರಿ ಎತ್ತರಿಸಿದ ಹಾಸಿಗೆ. ಜೋರಾಗಿ ಮೂಗು ಊದಿ ಸಿಂಬಳ ತೆಗೆಯುವಂತಿಲ್ಲ, ಭಾರ ಎತ್ತುವಂತಿಲ್ಲ, ಶೌಚದಲ್ಲಿ ತಿಣುಕುವಂತಿಲ್ಲ. ಅದಕ್ಕೂ ಮಾತ್ರೆ ಕೊಟ್ಟೆ. ಸಕ್ಕರೆ ಕಾಯಿಲೆ ಇಲ್ಲವೆಂದು ಖಚಿತಪಡಿಸಿಕೊಂಡು ಸ್ಟಿರಾಯ್ಡ್ ಶುರುಮಾಡಿದೆ. ಕಿವಿ ತೊಳೆಯುವುದು, ಊದಿಸಿ ನೋಡುವುದು ನಾನು ಮಾಡುವುದೇ ಇಲ್ಲ. ಕೆಲವು ದಿನಗಳಲ್ಲಿ ಕೇಳುವಿಕೆ ಇನ್ನೂ ಇಳಿಯುತ್ತಾ ಹೋದರೆ ಶಸ್ತ್ರಚಿಕಿತ್ಸೆಯಲ್ಲಿ ಪೊರೆಗೆ ತೇಪೆ ಹಾಕಲು ಮಣಿಪಾಲಕ್ಕೋ ಹುಬ್ಬಳ್ಳಿಗೋ ಕಳಿಸಬೇಕಾಗುತ್ತದೆ.

ಜಗಳವಾದದ್ದು ಬಸ್ಸಿನ ವಿಷಯಕ್ಕೆ. ಆ ರಾತ್ರಿ ಬೆಂಗಳೂರಿಗೆ ಟಿಕೆಟ್ ಆಗಿತ್ತು. ಗೇರುಸೊಪ್ಪೆ ಘಟ್ಟ ಹತ್ತುವಾಗ ಒಳ್ಳೆಯ ಕಿವಿಯೂ ಕಟ್ಟಿಕೊಳ್ಳುವುದು ನಮ್ಮೂರಿನ ಮಕ್ಕಳಿಗೂ ಗೊತ್ತು. ಹರಿದ ಪೊರೆಯೊಂದಿಗೆ ಆ ತಿರುವುಗಳಲ್ಲಿ ವಾಂತಿ ಮಾಡುತ್ತಾ ಹೋಗುವುದೆಂದರೆ ಊದಿದ್ದನ್ನೇ ಮತ್ತೆ ಮಾಡಿದಂತೆ. ಕಚೇರಿಗೆ ಫೋನ್ ಮಾಡಿಸಿ ಇಲ್ಲೇ ಉಳಿಸಿಕೊಂಡೆ. ಘಟ್ಟದ ಲೆಕ್ಕ ಗಟ್ಟಿಮುಟ್ಟಾದ ಕಿವಿಯವರಿಗೂ ಇದೆ. ಮುಳುಗಿದ ಮೇಲೆ ವಿಮಾನ ಹತ್ತಲು ಒಂದೇ ಮುಳುಗಾದರೆ ಕನಿಷ್ಠ 12 ಗಂಟೆ, ಹಲವಾದರೆ 18 ಗಂಟೆ ಬಿಡಬೇಕೆಂಬುದು ಡೈವಿಂಗ್‌ನವರ ಸಾಮಾನ್ಯ ನಿಯಮ. ಅದು 600 ಮೀಟರಿಗೆ ಮೇಲ್ಪಟ್ಟ ಎತ್ತರವನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಬೆಂಗಳೂರು 900 ಮೀಟರಿಗೂ ಮೇಲಿದೆ. ಗುಳ್ಳೆಗೆ ವಿಮಾನ ಯಾವುದು, ಬಸ್ಸು ಯಾವುದು ಎಂಬ ಭೇದವಿಲ್ಲ.

ದೋಣಿಯ ಹುಡುಗರಿಗೆ ನಾನು ಹೇಳಿಕೊಟ್ಟಿರುವ ಉಪಾಯವೊಂದಿದೆ. ಕಿವಿ ಮಂದವಾಗಿದೆ ಎಂದವರಿಗೆ ಬಾಯಿ ಮುಚ್ಚಿ 'ಮ್' ಎಂದು ಗುನುಗಲು ಹೇಳಿ. ಸದ್ದು ಮಂದವಾದ ಕಿವಿಯಲ್ಲೇ ಜೋರಾದರೆ ಬಹುಶಃ ಮಧ್ಯಕಿವಿ. ನಾಳೆ ವೈದ್ಯರನ್ನು ಕಂಡರೂ ಆದೀತು. ಒಳ್ಳೆಯ ಕಿವಿಗೆ ಸರಿದರೆ, ಅಥವಾ ತಲೆಸುತ್ತು ನಿಲ್ಲದಿದ್ದರೆ, ಇಂದೇ ಕರೆತನ್ನಿ. ಒರಟು ಪರೀಕ್ಷೆ, ಆದರೆ ದೋಣಿಯಲ್ಲಿ ಟ್ಯೂನಿಂಗ್ ಫೋರ್ಕ್ ಇರುವುದಿಲ್ಲ. ಮೇಲೆ ಬರುವಾಗ ಒಂದೆರಡು ನಿಮಿಷ ತಲೆ ತಿರುಗಿ ನಿಂತುಹೋದರೆ ಹೆದರಬೇಕಿಲ್ಲ; ಎರಡು ಕಿವಿಗಳ ಒತ್ತಡ ಬೇರೆಬೇರೆಯಾದಾಗ ಹಾಗಾಗುತ್ತದೆ.

ಬಂಡೆಗಳ ಬುಡದಲ್ಲಿ ಉಸಿರು ಕಟ್ಟಿ ನೀಲಿಕಲ್ಲು ಎಂಬ ಚಿಪ್ಪುಜೀವಿ ಕೀಳುವ ನಮ್ಮವರೂ ನನ್ನ ಬಳಿಗೆ ಬರುತ್ತಾರೆ. ಹಳಬರ ತಮಟೆಗಳು ದಪ್ಪಗಟ್ಟಿರುತ್ತವೆ. ಒಳಕಿವಿಗೆ ಹೀಗೆ ಪೆಟ್ಟಾದವರನ್ನು ಅವರಲ್ಲಿ ನಾನು ಅಪರೂಪಕ್ಕೆ ಕಂಡಿದ್ದೇನೆ. ಏನು ಮಾಡುತ್ತೀರಿ ಎಂದು ಒಬ್ಬರನ್ನು ಕೇಳಿದ್ದೆ. "ಎಂಜಲು ನುಂಗುತ್ತಾ ಇಳಿಯುವುದು. ಕಿವಿ ಒಲ್ಲೆ ಎಂದರೆ ಮೇಲೆ ಬರುವುದು. ನೀಲಿಕಲ್ಲು ನಾಳೆಯೂ ಅಲ್ಲೇ ಇರುತ್ತದಲ್ಲ ಡಾಕ್ಟರೇ" ಎಂದರು. ಮುಂಗಡ ಹಣ ಕಟ್ಟಿ, ಗೆಳೆಯರ ಕ್ಯಾಮೆರಾದ ಮುಂದೆ ಇಳಿದವನಿಗೆ ಹಾಗೆ ಮೇಲೆ ಬರುವುದು ಕಷ್ಟವೇ.

ತರುಣನ ತಲೆಸುತ್ತು ವಾರದಲ್ಲಿ ಇಳಿಯಿತು. ಕೆಳಗಿನ, ನಡುವಿನ ಸ್ವರಗಳು ಮರಳಿದವು. 4000 ಹರ್ಟ್ಝ್‌ನಿಂದ ಮೇಲಿನವು ಪೂರ್ತಿ ಮರಳಲಿಲ್ಲ. ಮತ್ತೆ ಸ್ಕೂಬಾ ಬೇಡವೆಂದು ಚೀಟಿಯಲ್ಲೇ ಬರೆದುಕೊಟ್ಟೆ. ಮುಂದಿನ ಋತುವಿನಲ್ಲಿ ಫೋನ್ ಮಾಡಿ, ಸ್ನಾರ್ಕೆಲ್ ಆದರೂ ಮಾಡಬಹುದೇ ಎಂದು ಕೇಳಿದ. ನೀರಿನ ಮೇಲೆ ತೇಲಿಕೊಂಡು ಮೀನು ನೋಡುವುದಾದರೆ ಸರಿ, ಒಂದು ಮೀಟರ್ ಕೂಡ ಕೆಳಗೆ ಮುಳುಗುವಂತಿಲ್ಲ ಎಂದೆ.